ಎಣಿಸಿದ್ದು ಬುಬು, ಬರೆದುಕೊಂಡಿದ್ದು ನಾನು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಹಳೇ ಟೇಪಿನ ಕೆಲಸ ಮಾಡುವವರಿಗೆ ಈ ವಾಸನೆ ಬಂದರೆ ಎದೆ ಧಸಕ್ ಅನ್ನುತ್ತದೆ. 1960ರ ದಶಕದ ಟೇಪುಗಳಲ್ಲಿ ಎಷ್ಟೋ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನವು. ಸೆಕೆ, ತೇವ ಎರಡೂ ಸೇರಿದರೆ ಅವು ತಾವಾಗಿಯೇ ಆಮ್ಲ ಬಿಡುತ್ತವೆ. ಆ ಆಮ್ಲ ಟೇಪನ್ನು ಇನ್ನೂ ಬೇಗ ತಿನ್ನುತ್ತದೆ. ಪೆಸಿಫಿಕ್ ದ್ವೀಪಗಳಲ್ಲಿ ಸೆಕೆಗೂ ಬರವಿಲ್ಲ, ತೇವಕ್ಕೂ ಬರವಿಲ್ಲ.

ಇದು 2013ರ ಮಾತು. ವನುವಾಟು ದೇಶದ ಎಫಾಟೆ ದ್ವೀಪ, ಅದರ ಉತ್ತರ ತೀರದ ಒಂದು ಹಳ್ಳಿ. ನಾನಾಗ ಫಿಜಿಯ ಸುವಾದಲ್ಲಿ ಮನೆ ಮಾಡಿಕೊಂಡಿದ್ದೆ. ಸುತ್ತಲಿನ ದ್ವೀಪ ದೇಶಗಳಿಗೆ ಹೋಗಿ ಹಳೇ ಟೇಪು, ಕಾಗದಪತ್ರ ಉಳಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವುದು ನನ್ನ ಕೆಲಸ. ವನುವಾಟುವಿನಲ್ಲಿ 80ಕ್ಕೂ ಜಾಸ್ತಿ ದ್ವೀಪಗಳಿವೆ, 100ಕ್ಕೂ ಜಾಸ್ತಿ ಭಾಷೆಗಳಿವೆ. ಬಹಳಷ್ಟು ಭಾಷೆಗಳಿಗೆ ಪುಸ್ತಕವೇ ಇಲ್ಲ. ಹಾಗಾಗಿ ಟೇಪು ಹೋದರೆ ಅಜ್ಜನ ಮಾತು ಹೋಯಿತು ಅಂತಲೇ ಲೆಕ್ಕ.

ಆ ಡಬ್ಬಿಯಲ್ಲಿ ಹನ್ನೊಂದು ರೀಲುಗಳಿದ್ದವು. ಮೊದಲು ಮಾಡುವ ಕೆಲಸ ಬಹಳ ಸುಲಭದ್ದು. ರೀಲನ್ನು ಬೆಳಕಿಗೆ ಅಡ್ಡ ಹಿಡಿದು ನೋಡುವುದು. ಸುತ್ತಿನ ಒಳಗಿಂದ ಬೆಳಕು ತೂರಿ ಬಂದರೆ ಅಸಿಟೇಟ್, ಕಪ್ಪಗೇ ಇದ್ದರೆ ಪಾಲಿಯೆಸ್ಟರ್. ಇದು ಗೊತ್ತಿರಲೇಬೇಕು. ಯಾಕೆಂದರೆ 1970ರ ನಂತರದ ಕೆಲವು ಪಾಲಿಯೆಸ್ಟರ್ ಟೇಪುಗಳು ಅಂಟಂಟಾಗುತ್ತವೆ. ಅವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಇಟ್ಟರೆ ಒಂದು ಸಲ ನುಡಿಸುವಷ್ಟು ಸುಧಾರಿಸಿಕೊಳ್ಳುತ್ತವೆ. ಅದನ್ನೇ ಅಸಿಟೇಟಿಗೆ ಮಾಡಿದರೆ ಮುಗಿಯಿತು ಕಥೆ. ನಮ್ಮ ಹನ್ನೊಂದರಲ್ಲಿ ನಾಲ್ಕು ಅಸಿಟೇಟ್. ಮೂರು ನುಡಿದವು. ಒಂದು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿತ್ತು.

ನುಡಿದ ಒಂದರಲ್ಲಿ ಒಬ್ಬ ಮುದುಕರು ಸಮುದ್ರದ ಬಗ್ಗೆ ಮಾತಾಡಿದ್ದರು. ಹವಳದ ದಿಬ್ಬವನ್ನು ಯಾವಾಗ ಮುಚ್ಚಬೇಕು, ಯಾರು ಸತ್ತರೆ ಮುಚ್ಚಬೇಕು, ಯಾರು ತೆರೆಯಬೇಕು, ಯಾವ ಜಾಗಕ್ಕೆ ಯಾವ ಹೆಸರು, ಎಲ್ಲ ಇತ್ತು. ಮುಚ್ಚುವುದು ಅಂದರೆ ಅಲ್ಲಿ ಮೀನು, ಚಿಪ್ಪು ಯಾವುದನ್ನೂ ತೆಗೆಯುವ ಹಾಗಿಲ್ಲ. ಇದಕ್ಕೆ ತಾಬು, ಅಂದರೆ ನಿಷೇಧ, ಅನ್ನುತ್ತಾರೆ. ಗುರುತಿಗೆ ನಮೆಲೆ ಅನ್ನುವ ಸೈಕಸ್ ಗಿಡದ ಗರಿ ಸಿಕ್ಕಿಸುತ್ತಾರೆ. ಆ ದೇಶದ ಬಾವುಟದ ಮೇಲೂ ಅದೇ ಗರಿಯಿದೆ. ನಾನು ಬಂದಿದ್ದು ಟೇಪು ಉಳಿಸಲಿಕ್ಕೆ. ಟೇಪು ಮಾತಾಡಿದ್ದು ಮಾತ್ರ ಮೀನಿನ ಬಗ್ಗೆ. ಸಂಸ್ಕೃತಿಗೊಂದು ಇಲಾಖೆ, ಪ್ರಕೃತಿಗೊಂದು ಇಲಾಖೆ ಅಂತ ಭಾಗ ಮಾಡಿಕೊಂಡಿರುವುದು ನಮ್ಮಂಥವರ ಅನುಕೂಲಕ್ಕೆ. ಆ ಮುದುಕರ ಮಾತಿನಲ್ಲಿ ಅಂಥ ಗೆರೆ ಎಲ್ಲೂ ಇರಲಿಲ್ಲ.

ಹತ್ತಿರದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ರೊಯ್ ಮಾತಾ ಅನ್ನುವ ದೊಡ್ಡ ಮುಖಂಡ ಸುಮಾರು 1600ರಲ್ಲಿ ತೀರಿಕೊಂಡ. ಅವನನ್ನು ಎಫಾಟೆ ಪಕ್ಕದ ಪುಟ್ಟ ದ್ವೀಪವೊಂದರಲ್ಲಿ ಹೂಳಿದರು. ಆಮೇಲೆ ಆ ದ್ವೀಪ ತಾಬು ಆಯಿತು, ಯಾರೂ ಅಲ್ಲಿ ವಾಸ ಮಾಡಲಿಲ್ಲ. 1967ರಲ್ಲಿ ಫ್ರೆಂಚ್ ಪುರಾತತ್ವಜ್ಞ ಜೋಸೆ ಗರಾಂಜೆ ಅಲ್ಲಿ ಅಗೆದರು. ಎಲ್ಲಿ ಅಗೆಯಬೇಕು ಅಂತ ದಾರಿ ತೋರಿಸಿದ್ದು ಊರವರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಕಥೆ. ಕಥೆ ಹೇಳಿದ ಹಾಗೆಯೇ, ಮುಖಂಡನ ಜೊತೆ ಹೂಳಿದ್ದ ಹತ್ತಾರು ಜನರ ಅಸ್ಥಿ ಸಿಕ್ಕವು. 2008ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ದ್ವೀಪವನ್ನು ಬೇಲಿ, ಕಾವಲುಗಾರ ಯಾವುದೂ ಇಲ್ಲದೆ ಕಾಯ್ದಿದ್ದು ಒಂದು ಕಥೆ!

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ರಾಜಧಾನಿ ಪೋರ್ಟ್ ವಿಲಾದಲ್ಲಿ ಹತ್ತು ದಿನದ ಕಾರ್ಯಾಗಾರ. ದೂರದಿಂದ ಇಬ್ಬರು ತಜ್ಞರು, ಪರದೆ ಮೇಲೆ ಸ್ಲೈಡು, ಕೊನೆಯಲ್ಲಿ ಪ್ರಮಾಣಪತ್ರ. ಗಾಳಿಯ ತೇವ ಹೀರುವ ಒಂದು ದುಬಾರಿ ಯಂತ್ರವನ್ನೂ ತರಿಸಿದ್ದೆವು. ಹಳ್ಳಿಯಲ್ಲಿ ಕರೆಂಟು ಬರುವುದು ಜನರೇಟರಿನಿಂದ, ಅದೂ ಸಂಜೆ ಬರೀ ಮೂರು ತಾಸು. ಮುಂದಿನ ಸಲ ಹೋದಾಗ ಯಂತ್ರದ ಮೇಲೆ ಬಟ್ಟೆ ಒಣಗಿಸಿದ್ದರು. ಬೇಜಾರಾಗಲಿಲ್ಲ, ನಗು ಬಂತು.

ಎರಡನೇ ತಪ್ಪಿಗೆ ನಗು ಬರಲಿಲ್ಲ. ಸರಿಮಾಡಿದ ಟೇಪುಗಳನ್ನು ಊರವರಿಗೆ ಕೇಳಿಸೋಣ ಅಂತ ಒಂದು ಸಂಜೆ ಎಲ್ಲರನ್ನೂ ಕೂಡಿಸಿದೆ. ಮಕ್ಕಳು, ಹೆಂಗಸರು, ಪಕ್ಕದ ಹಳ್ಳಿಯವರು ಎಲ್ಲರೂ ಇದ್ದರು. ಮೂರನೇ ರೀಲು ಶುರುವಾಗಿ ಒಂದು ನಿಮಿಷ ಆಗಿರಬಹುದು, ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ಅವರ ಹಿಂದೆಯೇ ಇನ್ನಿಬ್ಬರು. ಯಾರೂ ಬೈಯಲಿಲ್ಲ. ನಾನು ಗಾಬರಿಯಾಗಿ ಬಟನ್ ಒತ್ತಿದೆ. ಆಮೇಲೆ ತಿಳಿಯಿತು, ಆ ಹಾಡು ಒಂದು ಮನೆತನದ್ದು. ಅದನ್ನು ಕೇಳಲಿಕ್ಕೂ ಹಕ್ಕು ಬೇಕು. ಪೋರ್ಟ್ ವಿಲಾದ ವನುವಾಟು ಸಾಂಸ್ಕೃತಿಕ ಕೇಂದ್ರದಲ್ಲಿ ಇಂಥವಕ್ಕೆ ಅಂತಲೇ ಒಂದು ತಾಬು ಕೋಣೆ ಇದೆ. ಟೇಪು ಕೊಟ್ಟವರು ಯಾರು ಕೇಳಬಹುದು ಅಂತ ಹೇಳಿರುತ್ತಾರೋ ಅವರಿಗೆ ಮಾತ್ರ ಅದು ಸಿಗುತ್ತದೆ. ದೇಶದ ತುಂಬ ಹಳ್ಳಿಹಳ್ಳಿಯಲ್ಲಿ ಆ ಕೇಂದ್ರದ ಸ್ವಯಂಸೇವಕರಿದ್ದಾರೆ, ‘ಫಿಲ್‌ವೊಕಾ’ ಅಂತ ಕರೆಯುತ್ತಾರೆ. ಅವರಲ್ಲಿ ಒಬ್ಬರನ್ನು ಮೊದಲೇ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕ್ಷಮೆ ಕೇಳಲಿಕ್ಕೆ ಒಂದು ಚಾಪೆ ಮತ್ತು ಪಾನೀಯ ಮಾಡಿ ಕುಡಿಯುವ ಕಾವಾ ಬೇರು ಹಿಡಿದುಕೊಂಡು ಹೋದೆ. ಹಿರಿಯರು ತೆಗೆದುಕೊಂಡರು. ಆದರೂ ಆ ಮನೆತನದ ಬಾಕಿ ರೀಲುಗಳನ್ನು ಅವರು ನನ್ನ ಕೈಗೆ ಕೊಟ್ಟಿದ್ದು ಎರಡು ವರ್ಷ ಕಳೆದ ಮೇಲೆ.

ಪರಂಪರೆಯ ಜ್ಞಾನ ಯಾರದ್ದು ಅನ್ನುವ ಬಗ್ಗೆ ಪೆಸಿಫಿಕ್ ದೇಶಗಳು 2002ರಲ್ಲೇ ಒಂದು ಮಾದರಿ ಕಾನೂನು ಸಿದ್ಧಮಾಡಿಕೊಂಡಿದ್ದವು. ಅದನ್ನು ಓದಿದ್ದೆ, ಕಡತದಲ್ಲೂ ಇಟ್ಟಿದ್ದೆ. ಓದಿದ್ದು ಬೇರೆ, ಬಟನ್ ಒತ್ತುವ ಕೈ ಬೇರೆ.

ಇದಾದ ಮೇಲೆ ನಾನು ದುಡ್ಡು ಖರ್ಚು ಮಾಡುವ ರೀತಿ ಬದಲಾಯಿಸಿದೆ. ದೂರದ ತಜ್ಞರ ಟಿಕೆಟ್ಟಿನ ಹಣದಲ್ಲಿ ಒಂದು ದ್ವೀಪದವರನ್ನು ಇನ್ನೊಂದು ದ್ವೀಪಕ್ಕೆ ಕಳಿಸೋಣ ಅಂದೆ. ಮೇಲಿನವರಿಗೆ ಒಪ್ಪಿಸುವುದು ಕಷ್ಟವಾಯಿತು. ‘ಇದರಲ್ಲಿ ಕಲಿಸುವವರು ಯಾರು?’ ಅಂತ ಪದೇ ಪದೇ ಕೇಳಿದರು. ಅರ್ಜಿಯ ನಮೂನೆಯಲ್ಲಿ ‘ತರಬೇತುದಾರರ ಹೆಸರು’ ಅನ್ನುವ ಒಂದು ಖಾನೆ ಇತ್ತು. ಅದಕ್ಕೆ ನನ್ನ ಹೆಸರೇ ಬರೆದು ಕೈ ತೊಳೆದುಕೊಂಡೆ.

2014ರಲ್ಲಿ ಎಫಾಟೆಯ ಆ ಹಳ್ಳಿಯಿಂದ ಮೂವರನ್ನು ಫಿಜಿಗೆ ಕರೆದುಕೊಂಡು ಹೋದೆ. ಇಬ್ಬರು ಹೆಂಗಸರು, ಒಬ್ಬ ಹುಡುಗ. ಫಿಜಿಯೇ ಯಾಕೆ ಅಂದರೆ, ಅಲ್ಲಿನ ಉದುನಿವನುವಾ ಅನ್ನುವ ಹಳ್ಳಿ 1997ರಲ್ಲಿ ತನ್ನ ಕೆಸರು ತೀರದ 24 ಹೆಕ್ಟೇರ್ ಜಾಗಕ್ಕೆ ತಾಬು ಹಾಕಿತ್ತು. ಕೈಕೊಸೊ ಅನ್ನುವ ಕಪ್ಪೆಚಿಪ್ಪು ಸಿಗುವುದು ತೀರಾ ಕಡಿಮೆಯಾಗಿತ್ತು. ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದವರು ಎಣಿಸುವ ವಿಧಾನ ಹೇಳಿಕೊಟ್ಟರು, ಎಣಿಸಿದ್ದು ಊರವರೇ. 2004ರ ಹೊತ್ತಿಗೆ ತಾಬು ಜಾಗದಲ್ಲಿ ಚಿಪ್ಪು 13 ಪಟ್ಟಾಗಿತ್ತು. ಪಕ್ಕದ ತೆರೆದ ಜಾಗದಲ್ಲೂ ಹೆಚ್ಚಿತು. ಅದನ್ನು ನೋಡಿ ಸುತ್ತಲಿನ ಹಳ್ಳಿಗಳೂ ಶುರುಮಾಡಿದವು. 2000ದಲ್ಲಿ ಹುಟ್ಟಿಕೊಂಡ, ಊರವರೇ ನೋಡಿಕೊಳ್ಳುವ ಸಮುದ್ರ ಪ್ರದೇಶಗಳ ಜಾಲ ಇವತ್ತು ಹಲವು ದೇಶಗಳಿಗೆ ಹಬ್ಬಿದೆ.

ನಾವು ಹೋಗಿದ್ದು ಅದೇ ದಾರಿ ಹಿಡಿದ, ಅದೇ ತೀರದ ಇನ್ನೊಂದು ಹಳ್ಳಿಗೆ. ಮೊದಲು ಸೆವುಸೆವು. ಅಂದರೆ ಯಂಗೋನಾ ಬೇರಿನ ಕಟ್ಟು ಮುಂದಿಟ್ಟು ಊರೊಳಗೆ ಬರಲು ಒಪ್ಪಿಗೆ ಕೇಳುವುದು. ನಮ್ಮವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಫಿಜಿಯವರ ಯಂಗೋನಾ, ವನುವಾಟುವಿನವರ ಕಾವಾ, ಎರಡೂ ಒಂದೇ ಗಿಡದ ಬೇರು. ಅವರು ನನಗಿಂತ ಚೆನ್ನಾಗಿ ಕೂತರು, ಚೆನ್ನಾಗಿ ಕುಡಿದರು.

ಮರುದಿನ ಇಳಿತದ ಹೊತ್ತಿಗೆ ಕೆಸರಿಗೆ ಇಳಿದೆವು. ಮುಂದೆ ಒಬ್ಬ ಅಜ್ಜಿ. ಬುಬು ಅಂತ ಕರೆಯುತ್ತಾರೆ ಅಲ್ಲಿ ಅಜ್ಜಿಯನ್ನು. ಕೈಯಲ್ಲಿ ಪ್ಲಾಸ್ಟಿಕ್ ಪೈಪು ಕತ್ತರಿಸಿ ಮಾಡಿದ ಒಂದು ಮೀಟರಿನ ಚೌಕ. ಹಗ್ಗ ಎಳೆದು, ಹಗ್ಗಕ್ಕೆ ಗಂಟು ಹಾಕಿದ ಕಡೆಯೆಲ್ಲ ಚೌಕ ಇಟ್ಟು, ಅದರೊಳಗಿನ ಚಿಪ್ಪು ಎಣಿಸುವುದು. ನಾನು ಬಗ್ಗಿ ಕೈಯಿಂದ ಕೆದಕುತ್ತಿದ್ದೆ. ಬುಬು ನಿಂತೇ ಇದ್ದರು. ಹೆಬ್ಬೆರಳಿನಿಂದ ಕೆಸರು ತಡವಿ, ಚಿಪ್ಪು ತಾಗಿದಾಗಲೆಲ್ಲ ಜೋರಾಗಿ ಎಣಿಸುತ್ತಿದ್ದರು. ‘ದುವಾ, ರುವಾ, ತೋಲು, ವಾ, ಲಿಮಾ...’

ನಮ್ಮ ಹುಡುಗ ಕಿಸಕ್ಕನೆ ನಕ್ಕ. ಅವರ ಭಾಷೆಯಲ್ಲೂ ಮೂರಕ್ಕೆ ತೋಲು, ಐದಕ್ಕೆ ಲಿಮಾ. ಸಾವಿರ ಕಿಲೋಮೀಟರ್ ಸಮುದ್ರ ದಾಟಿ ಬಂದರೂ ಎಣಿಕೆ ಅರ್ಥವಾಗುತ್ತಿತ್ತು. ಮುಂದಿನ ಚೌಕದಿಂದ ಎಣಿಸಿದ್ದು ಅವನು. ಅವನು ನಾಲ್ಕಕ್ಕೆ ಬೇರೆ ಪದ ಹೇಳಿದಾಗಲೆಲ್ಲ ಬುಬು ‘ತಪ್ಪು!’ ಅಂತ ಗದರಿಸಿ ನಗುತ್ತಿದ್ದರು.

ನಾನು ಪಟ್ಟಿ ತುಂಬಿಸುತ್ತಾ ನಿಂತಿದ್ದನ್ನು ನೋಡಿ ಬುಬು ಕೇಳಿದರು. ‘ನಿನಗೆ ಕಾಲಿನಲ್ಲಿ ಎಣಿಸಲಿಕ್ಕೆ ಬರುವುದಿಲ್ಲವಾ?’

‘ಬರುವುದಿಲ್ಲ ಬುಬು.’

‘ಹಾಗಾದರೆ ಬರೆದುಕೋ.’

ಆ ರಾತ್ರಿ ಎಫಾಟೆಯ ಹೆಂಗಸರು ನನ್ನನ್ನು ಬಿಟ್ಟು ಬುಬುವಿನ ಅಡುಗೆಮನೆಯಲ್ಲಿ ಕೂತರು. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ತಾಬು ಮುರಿದವರಿಗೆ ಏನು ಮಾಡುತ್ತೀರಿ? ಮುಖಂಡನ ಸ್ವಂತ ತಮ್ಮನೇ ಮುರಿದರೆ? ದಂಡ ಯಾರು ಇಟ್ಟುಕೊಳ್ಳುತ್ತಾರೆ? ಇಂಥ ಪ್ರಶ್ನೆಗಳು ನನ್ನ ಹತ್ತು ದಿನದ ಕಾರ್ಯಾಗಾರದಲ್ಲಿ ಒಂದೂ ಬಂದಿರಲಿಲ್ಲ.

ಅದೇ ವರ್ಷ ಟೋಂಗಾದಿಂದ ಒಬ್ಬಾಕೆಯನ್ನು ಎಫಾಟೆಗೆ ಕರೆಸಿದೆವು. ದಾಖಲೆ ಕೋಣೆಯಲ್ಲಿ ದುಡಿದವರು. ಪೆಸಿಫಿಕ್ ದ್ವೀಪಗಳ ದಾಖಲೆ ಸಂಸ್ಥೆಗಳು 1981ರಿಂದಲೇ ಪಾರ್ಬಿಕಾ ಅನ್ನುವ ಒಕ್ಕೂಟ ಕಟ್ಟಿಕೊಂಡಿವೆ, ಹಾಗಾಗಿ ಯಾರಿಗೆ ಯಾವ ಕೆಲಸ ಬರುತ್ತದೆ ಅಂತ ಹುಡುಕುವುದು ಕಷ್ಟವಾಗಲಿಲ್ಲ. ಆಕೆ ಯಂತ್ರವನ್ನು ನೋಡಿ ಏನೂ ಅನ್ನಲಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡ್ರಮ್ಮು ತರಿಸಿದರು. ಒಳಗೆ ಟೇಪಿನ ಡಬ್ಬಿ, ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್. ಜೆಲ್ಲಿನ ಕಾಳು ಒಣಗಿದ್ದಾಗ ಕಿತ್ತಳೆ ಬಣ್ಣ, ತೇವ ಹೀರಿ ತುಂಬಿದಾಗ ಹಸಿರು. ಹಸಿರಾದರೆ ಬಿಸಿಮಾಡಿ ಮತ್ತೆ ಬಳಸಬಹುದು. ಎಲ್ಲಿ ಬಿಸಿಮಾಡುವುದು? ಊರಲ್ಲಿ ಬ್ರೆಡ್ ಸುಡುವ ಒಲೆಯಿತ್ತು. ಬ್ರೆಡ್ ತೆಗೆದ ಮೇಲೆ ಉಳಿದ ಬಿಸಿಯಲ್ಲಿ ತಟ್ಟೆಯಿಟ್ಟರು, ಮುಗಿಯಿತು. ಒಂದು ಎಚ್ಚರಿಕೆ ಮಾತ್ರ ಮೂರು ಸಲ ಹೇಳಿದರು: ನೀಲಿ ಕಾಳು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ತಿನ್ನುವ ಪದಾರ್ಥದ ಹತ್ತಿರ ತರಬಾರದು. ಇನ್ನು ಅಸಿಟೇಟನ್ನು ಮುಚ್ಚಿದ ಡ್ರಮ್ಮಿನಲ್ಲಿ ಇಡುವ ಹಾಗಿಲ್ಲ, ಆಮ್ಲ ಒಳಗೇ ತುಂಬಿಕೊಳ್ಳುತ್ತದೆ. ಆ ನಾಲ್ಕನ್ನು ಪೋರ್ಟ್ ವಿಲಾಕ್ಕೆ ಕಳಿಸಿದೆವು. ನುಡಿದ ಟೇಪುಗಳ ನಕಲನ್ನು ಮೂರು ಕಡೆ ಇಟ್ಟೆವು. ಊರಲ್ಲಿ ಒಂದು, ಪೋರ್ಟ್ ವಿಲಾದಲ್ಲಿ ಒಂದು, ದೇಶದ ಹೊರಗೆ ಒಂದು. ಹೊರಗಿನದ್ದನ್ನು ಊರವರು ಹೇಳದೆ ಯಾರೂ ತೆರೆಯುವ ಹಾಗಿಲ್ಲ ಅಂತ ಕಾಗದ ಮಾಡಿಸಿಕೊಂಡೆವು.

2015ರ ಮಾರ್ಚ್ 13ರ ರಾತ್ರಿ ಪಾಮ್ ಚಂಡಮಾರುತ ಬಂತು. ಐದನೇ ದರ್ಜೆಯದ್ದು. ನಾನು ಸುವಾದಲ್ಲಿದ್ದೆ. ಫೋನ್ ಸತ್ತಿತ್ತು. ಹಳ್ಳಿ ತಲುಪಿದ್ದು ಎರಡು ವಾರದ ಮೇಲೆ. ಮರಗಳಿಗೆ ಎಲೆಯೇ ಇರಲಿಲ್ಲ. ಟೇಪು ಕೇಳುವ ಧೈರ್ಯ ಬರಲಿಲ್ಲ, ಮನೆಗಳೇ ಇಲ್ಲದ ಕಡೆ ಟೇಪಿನ ಮಾತೆತ್ತಿದರೆ ಏನಂದುಕೊಂಡಾರು? ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಚರ್ಚಿನ ಸಿಮೆಂಟು ಕೋಣೆಯಲ್ಲಿ ಡ್ರಮ್ಮುಗಳು ಹಾಗೇ ಇದ್ದವು. ಒಂದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ನೀರು ಹೊಕ್ಕಿತ್ತು. ಉಳಿದವು ಒಣಗಿದ್ದವು.

ಒಂದು ಜಗಳದ ಕಥೆಯನ್ನೂ ಹೇಳಬೇಕು. ಇನ್ನೊಂದು ವಿನಿಮಯದಲ್ಲಿ ಚಾಪೆ ನೇಯುವ ಹೆಂಗಸೊಬ್ಬರು ತಮ್ಮ ದ್ವೀಪದ ಹಸಿ ಕೇದಿಗೆ ಗರಿ, ತೆಂಗಿನ ಗರಿಯ ಕಟ್ಟು ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಅದನ್ನು ಕಿತ್ತುಕೊಂಡರು. ಆಕೆ ಅತ್ತರು. ನಾನು ಸಿಬ್ಬಂದಿಯ ಜೊತೆ ಜೋರು ಜಗಳ ಮಾಡಿದೆ. ಪರಂಪರೆ ಉಳಿಸಿ ಅಂತ ಭಾಷಣ ಮಾಡುವ ದೇಶಗಳೇ ಹೀಗೆ ಮಾಡಿದರೆ ಹೇಗೆ ಅಂತ. 2019ರಲ್ಲಿ ಎಫಾಟೆಯಲ್ಲಿ ಕುರುವಾಯಿ ದುಂಬಿ ಕಾಣಿಸಿಕೊಂಡಿತು. ಮೂತಿ ಮೇಲೆ ಕೊಂಬಿರುವ, ತೆಂಗಿನ ಸುಳಿ ಕೊರೆಯುವ ಕಪ್ಪು ದುಂಬಿ. ಗುವಾಮ್‌ಗೆ 2007ರಲ್ಲಿ, ಸಾಲೊಮನ್ ದ್ವೀಪಗಳ ಹೊನಿಯಾರಕ್ಕೆ 2015ರಲ್ಲಿ ಬಂದಿತ್ತು. ಹಿಂದೆ ಇದಕ್ಕೆ ಒಂದು ವೈರಸ್ ಬಿಟ್ಟು ಹತೋಟಿ ಮಾಡುತ್ತಿದ್ದರು, ಈ ಹೊಸ ತಳಿ ಅದಕ್ಕೂ ಜಗ್ಗುವುದಿಲ್ಲ. ತೆಂಗು ಹೋದರೆ ಬುಟ್ಟಿಯೂ ಇಲ್ಲ, ಚಾಪೆಯೂ ಇಲ್ಲ, ಹಗ್ಗವೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಹಸಿ ಗರಿ ತಡೆಯುವುದು ಇಂಥ ಕೀಟ ಅದರ ಜೊತೆ ಬಾರದಿರಲಿ ಅಂತಲೇ. ಆ ಸಿಬ್ಬಂದಿ ಈಗ ಸಿಕ್ಕರೆ ಕ್ಷಮೆ ಕೇಳುತ್ತೇನೆ. ಈಗ ನಮ್ಮ ವಿನಿಮಯಕ್ಕೆ ಬರುವವರು ಕೈ ಬೀಸಿಕೊಂಡು ಬರುತ್ತಾರೆ. ಗರಿ ಆಯಾ ಊರಿನದೇ. ಎಳೆ ಬೇರೆ ಥರ ಇರುತ್ತದೆ, ಅದಕ್ಕೆ ಗೊಣಗುತ್ತಾರೆ, ಆಮೇಲೆ ಹೊಂದಿಕೊಳ್ಳುತ್ತಾರೆ.

ಹೋದ ಸಲ ಎಫಾಟೆಗೆ ಹೋದಾಗ ದಿಬ್ಬದ ಅಂಚಿನಲ್ಲಿ ಗೂಟಕ್ಕೆ ನಮೆಲೆ ಗರಿ ಕಟ್ಟಿತ್ತು. ಜಾಗ ಆರಿಸುವ ಮೊದಲು ಆ ಮುದುಕರ ಟೇಪನ್ನು ಮತ್ತೆ ಹಾಕಿಸಿಕೊಂಡು ಕೇಳಿದ್ದರಂತೆ. ಇಲ್ಲಿ ಎಣಿಸುವುದು ಟ್ರೋಕಸ್ ಶಂಖ, ಅಂಗಿಯ ಗುಂಡಿ ಮಾಡಲಿಕ್ಕೆ ಮಾರುವಂಥದ್ದು. ಫಿಜಿಗೆ ಬಂದಿದ್ದ ಹುಡುಗ ಈಗ ಎರಡು ಮಕ್ಕಳ ಅಪ್ಪ, ಎಣಿಕೆಯ ಮುಖಂಡ. ನನಗೆ ಹಗ್ಗದ ತುದಿ ಹಿಡಿದುಕೊಳ್ಳುವ ಕೆಲಸ ಕೊಟ್ಟ.

ಸುವಾಕ್ಕೆ ವಾಪಸ್ ಬಂದ ಮೇಲೆ ಫೋನಿನಲ್ಲಿ ಒಂದು ಸಂದೇಶ ನೋಡಿದೆ. ನಮ್ಮ ಗುಂಪಿನಲ್ಲಿ ಸಾಲೊಮನ್ ದ್ವೀಪಗಳ ಯಾರೋ ಕೇಳಿದ್ದರು: ‘ಹಸಿರು ಕಾಳನ್ನು ಬ್ರೆಡ್ ಒಲೆಯಲ್ಲಿ ಎಷ್ಟು ಹೊತ್ತು ಇಡಬೇಕು?’ ಉತ್ತರ ಬರೆಯಲು ಹೊರಟೆ. ಎಫಾಟೆಯ ಹೆಂಗಸು ಹಿಂದಿನ ರಾತ್ರಿಯೇ ವನುವಾಟುವಿನ ಬಿಸ್ಲಾಮಾ ಭಾಷೆಯಲ್ಲಿ ಬರೆದು, ತಟ್ಟೆಯ ಫೋಟೋನೂ ಹಾಕಿದ್ದರು.