ಪತ್ತೇದಾರಿ ಕೈಪಿಡಿ ಕೊಳ್ಳುವ ಮುನ್ನ ಅರ್ಧ ಗಂಟೆ

ಪತ್ತೇದಾರಿ ಕಾದಂಬರಿಗಳ ಹುಚ್ಚಿರುವವರಿಗೆ ಆ ಲೇಖಕರ, ಪುಸ್ತಕಗಳ ಮಾಹಿತಿ ಕೊಡುವ ಕೈಪಿಡಿ ಬೇಕಾಗುವುದು ಮುಖ್ಯವಾಗಿ ಮೂರು ಕೆಲಸಕ್ಕೆ. ಸರಣಿಯನ್ನು ಯಾವ ಕ್ರಮದಲ್ಲಿ ಓದಬೇಕು? ಈ ಲೇಖಕರು ಬೇರೆ ಹೆಸರಿನಲ್ಲೂ ಬರೆದಿದ್ದಾರೆಯೇ? ಕೈಯಲ್ಲಿರುವ ಪುಸ್ತಕ ಮನೆಯಲ್ಲಿ ಇನ್ನೊಂದು ಶೀರ್ಷಿಕೆಯಲ್ಲಿ ಈಗಾಗಲೇ ಇದೆಯೇ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಎಂಟುನೂರು ಪುಟದ ಗ್ರಂಥವೂ ದಂಡವೇ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಸಿಗಲಿ, ಉಡುಪಿಯ ಪುಸ್ತಕ ಪ್ರದರ್ಶನದಲ್ಲಿ ಸಿಗಲಿ, ದುಡ್ಡು ಕೊಡುವ ಮೊದಲು ಅರ್ಧ ಗಂಟೆ ನಿಂತು ನೋಡಿ.

ಮೊದಲು ಶೀರ್ಷಿಕೆ ಪುಟದ ಹಿಂಬದಿ. ಅಲ್ಲಿ ಆವೃತ್ತಿಯ ವರ್ಷ ಬೇರೆ, ಮರುಮುದ್ರಣದ ವರ್ಷ ಬೇರೆ ಇರುತ್ತದೆ. ಹೊಸ ರಕ್ಷಾಪುಟ ಹಾಕಿ ‘ಪರಿಷ್ಕೃತ’ ಎಂದು ಮುದ್ರಿಸಿದ ಮಾತ್ರಕ್ಕೆ ಒಳಗಿನ ಮಾಹಿತಿ ಹೊಸದಾಗುವುದಿಲ್ಲ. ಪರೀಕ್ಷೆ ಸುಲಭ: ಇಂಗ್ಲಿಷಿನ ಪತ್ತೇದಾರಿ ಲೇಖಕಿಯರಲ್ಲಿ ಪಿ.ಡಿ. ಜೇಮ್ಸ್ ತೀರಿಕೊಂಡದ್ದು 2014ರಲ್ಲಿ, ರೂತ್ ರೆಂಡೆಲ್ 2015ರಲ್ಲಿ. 2018ರ ಪುಸ್ತಕದಲ್ಲಿ ಇಬ್ಬರೂ ಇನ್ನೂ ಬದುಕಿದ್ದಾರೆಂದರೆ ಹಳೆಯ ಸರಕನ್ನೇ ಮತ್ತೆ ಕಟ್ಟಿದ್ದಾರೆ ಎಂದು ತಿಳಿಯಿರಿ.

ಆಮೇಲೆ ಹಿಂದಿನಿಂದ ತೆರೆಯಿರಿ. ಕೈಪಿಡಿಯ ಜೀವ ಇರುವುದು ಸೂಚಿಯಲ್ಲಿ. ಲೇಖಕರು, ಶೀರ್ಷಿಕೆಗಳು, ಪತ್ತೇದಾರರ ಹೆಸರುಗಳು, ಕಾವ್ಯನಾಮಗಳು, ಇಷ್ಟಕ್ಕೂ ಸೂಚಿ ಬೇಕು. ನಿಕೋಲಸ್ ಬ್ಲೇಕ್ ಎಂದು ಹುಡುಕಿದರೆ ಕವಿ ಸಿಸಿಲ್ ಡೇ ಲೂಯಿಸ್ ಸಿಗಬೇಕು. ಕಾರ್ಟರ್ ಡಿಕ್ಸನ್ ಎಂದರೆ ಜಾನ್ ಡಿಕ್ಸನ್ ಕಾರ್, ಬಾರ್ಬರಾ ವೈನ್ ಎಂದರೆ ರೂತ್ ರೆಂಡೆಲ್. ಎಲರಿ ಕ್ವೀನ್ ಎಂಬ ಹೆಸರಿನ ಹಿಂದೆ ಇಬ್ಬರು ಸೋದರಸಂಬಂಧಿಗಳಿದ್ದರೆಂದು ಹೇಳದ ಪುಸ್ತಕವನ್ನು ಅಲ್ಲೇ ಮುಚ್ಚಿಡಬಹುದು. ಸೂಚಿ ಕೊಟ್ಟ ಪುಟಸಂಖ್ಯೆಗಳಲ್ಲಿ ನಾಲ್ಕೈದನ್ನು ತೆರೆದೂ ನೋಡಿ. ಪರಿಷ್ಕರಣೆಯಲ್ಲಿ ಪುಟಗಳು ಸರಿದು, ಸೂಚಿ ಮಾತ್ರ ಹಳೆಯದೇ ಉಳಿಯುವುದುಂಟು.

ಶೀರ್ಷಿಕೆಗಳ ಗೊಂದಲ ನೇರವಾಗಿ ಕಿಸೆಗೆ ಹೊಡೆಯುತ್ತದೆ. ಅಗಾಥಾ ಕ್ರಿಸ್ಟಿಯ 1933ರ ‘ಲಾರ್ಡ್ ಎಡ್ಜ್‌ವೇರ್ ಡೈಸ್’ ಅಮೆರಿಕದಲ್ಲಿ ‘ಥರ್ಟೀನ್ ಅಟ್ ಡಿನ್ನರ್’ ಆಯಿತು. 1934ರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಅಲ್ಲಿ ‘ಮರ್ಡರ್ ಇನ್ ದಿ ಕ್ಯಾಲೇ ಕೋಚ್’. ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಎರಡೂ ಹೆಸರು ಸಿಗುತ್ತವೆ, ಓದುಗರು ಒಂದೇ ಕಥೆಗೆ ಎರಡು ಸಲ ದುಡ್ಡು ಕೊಡುತ್ತಾರೆ. ಒಳ್ಳೆಯ ಕೈಪಿಡಿ ಎರಡು ಹೆಸರನ್ನೂ ಒಂದೇ ನಮೂದಿನಲ್ಲಿ ಕೊಟ್ಟು, ಸೂಚಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಸೇರಿಸಿರುತ್ತದೆ.

ಓದುವ ಕ್ರಮಕ್ಕೆ ಅನುವಾದಿತ ಲೇಖಕರನ್ನೇ ಹಿಡಿಯಿರಿ. ನಾರ್ವೆಯ ಯೂ ನೆಸ್ಬೊ ಪತ್ತೇದಾರ ಹ್ಯಾರಿ ಹೋಲೆಯ ಸರಣಿಯ ಮೊದಲ ಕಾದಂಬರಿ ಬರೆದದ್ದು 1997ರಲ್ಲಿ, ಅದು ಇಂಗ್ಲಿಷಿಗೆ ಬಂದದ್ದು 2012ರಲ್ಲಿ. ಐದನೆಯದು ಮಾತ್ರ 2005ರಲ್ಲೇ ಬಂದಿತ್ತು. ಇಂಗ್ಲಿಷಿನ ವರ್ಷ ನೋಡಿ ಸಾಲು ಹಚ್ಚಿದ ಪಟ್ಟಿಯನ್ನು ನಂಬಿದರೆ ಪತ್ತೇದಾರನ ಬದುಕೇ ತಲೆಕೆಳಗಾಗುತ್ತದೆ. ಮೂಲದ ವರ್ಷ, ಅನುವಾದದ ವರ್ಷ ಎರಡೂ ಇರಲೇಬೇಕು. ಶೆರ್ಲಾಕ್ ಹೋಮ್ಸ್ ವಿಷಯದಲ್ಲಿ ಲೆಕ್ಕ ಸರಳ: ನಾಲ್ಕು ಕಾದಂಬರಿ, 56 ಸಣ್ಣ ಕಥೆ.

ಗುಟ್ಟು ಬಿಟ್ಟುಕೊಡುವ ಕೈಪಿಡಿಗೆ ಕ್ಷಮೆಯಿಲ್ಲ. ಇದನ್ನು ಪರೀಕ್ಷಿಸಲು ನೀವು ಈಗಾಗಲೇ ಓದಿ ಮುಗಿಸಿದ ಕಾದಂಬರಿಯನ್ನೇ ಆರಿಸಿ. ಕ್ರಿಸ್ಟಿಯ 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್‌ರಾಯ್ಡ್’ ಕಾದಂಬರಿ ಇದಕ್ಕೆ ಹೇಳಿ ಮಾಡಿಸಿದ್ದು. ಮುನ್ನೆಚ್ಚರಿಕೆಯಿಲ್ಲದೆ ಕೊಲೆಗಾರರು ಯಾರೆಂದು ಬರೆದಿದ್ದರೆ, ನೀವು ಇನ್ನೂ ಓದದ ನೂರು ಪುಸ್ತಕಗಳನ್ನೂ ಅದು ಹಾಳುಮಾಡುತ್ತದೆ.

ಹಳೆಯ ಪ್ರತಿಯಾದರೆ ನಮ್ಮ ಕರಾವಳಿಯ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ನುಣುಪು ಕಾಗದದ ಚಿತ್ರಪುಟಗಳು ಥಂಡಿಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಲು ಹೋದರೆ ಅಕ್ಷರ ಕಿತ್ತುಬರುತ್ತದೆ. ಅಂಟಿನ ಬೈಂಡಿಂಗಿನಲ್ಲಿ ಮೊದಲು ಬಿಟ್ಟುಕೊಳ್ಳುವುದು ಕೊನೆಯ ಹಾಳೆಗಳು, ಅಂದರೆ ಸೂಚಿಯೇ.

ಇನ್ನು ನಮ್ಮ ಕಡೆಯ ಬರಹ. ಬಂಗಾಳಿಯ ಪತ್ತೇದಾರರಾದ, 1932ರಲ್ಲಿ ಶುರುವಾದ ಬ್ಯೋಮಕೇಶ್ ಬಕ್ಷಿ, 1965ರ ಫೆಲುದಾ ಇವರಿಬ್ಬರೂ ಇಲ್ಲದಿದ್ದರೆ, ವಿಶ್ವದ ಪತ್ತೇದಾರಿ ಸಾಹಿತ್ಯವೆಲ್ಲ ತನ್ನಲ್ಲಿದೆ ಎನ್ನುವ ಕೈಪಿಡಿಯ ರಕ್ಷಾಪುಟಕ್ಕೆ ‘ವಿಶ್ವ’ ಎಂಬ ಪದ ಸಲ್ಲದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಇಂಗ್ಲಿಷ್ ಕೈಪಿಡಿಯಲ್ಲಿ ಹುಡುಕಿ ನಿರಾಶರಾಗಬೇಡಿ. ಕನ್ನಡದ ಪಟ್ಟಿಯನ್ನು ನಾವೇ ಕಟ್ಟಿಕೊಳ್ಳಬೇಕು, ಸಿಕ್ಕ ಪಟ್ಟಿಯನ್ನು ನಾವೇ ತಾಳೆ ನೋಡಬೇಕು.

ತೊಡಕು ಇರುವುದು ಇಸವಿಯಲ್ಲಿ. ಹಳೆಯ ಪಾಕೆಟ್ ಪುಸ್ತಕಗಳಲ್ಲಿ ಎಷ್ಟೋ ಸಲ ಮುದ್ರಣದ ವರ್ಷವೇ ಇರುವುದಿಲ್ಲ. ಪಟ್ಟಿ ಮಾಡಿದವರು ಮರುಮುದ್ರಣದ ವರ್ಷವನ್ನೇ ಮೊದಲ ಮುದ್ರಣದ್ದೆಂದು ಬರೆದುಬಿಡುತ್ತಾರೆ. ಪುಸ್ತಕದ ಮೈಮೇಲೆ ಬೇರೆ ಗುರುತುಗಳಿವೆ. ಬೆಲೆ ಆಣೆಯಲ್ಲಿದ್ದರೆ 1957ರ ಆಸುಪಾಸಿನದು ಇಲ್ಲವೇ ಅದಕ್ಕೂ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದೆಂದು ಊಹಿಸಬಹುದು. ವಿಳಾಸದಲ್ಲಿ ‘ಬೆಂಗಳೂರು-2’ ಎಂಬಂಥ ಹಳೆಯ ಅಂಚೆ ವಲಯದ ಅಂಕಿ ಇದ್ದರೆ ಹಳೆಯದಿರಬಹುದು. ‘560 002’ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಪಿನ್‌ಕೋಡ್ ಬಂದದ್ದೇ ಅಂದು. ‘ಕರ್ನಾಟಕ ರಾಜ್ಯ’ ಎಂದಿದ್ದರೆ 1973ರ ನವೆಂಬರಿನ ನಂತರದ್ದು. ‘ಉಡುಪಿ ಜಿಲ್ಲೆ’ ಎಂದು ಛಾಪಿಸಿದ ಪ್ರತಿ 1997ರ ನಂತರದ್ದು.

ಗುರುತು ಇದ್ದರೆ ಮಾತ್ರ ಸಾಕ್ಷಿ, ಇಲ್ಲದಿರುವುದು ಸಾಕ್ಷಿಯಲ್ಲ. ಹಳೆಯ ಅಚ್ಚುಮೊಳೆಯಲ್ಲೇ ವರ್ಷಗಟ್ಟಲೆ ವಿಳಾಸ ಮುದ್ರಿಸಿದವರಿದ್ದಾರೆ. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಬೆಳಕಿಗೆ ಹಿಡಿದು ಅಡಿಯ ಅಂಕಿ ಓದಿ. ಗ್ರಂಥಾಲಯದ ಮುದ್ರೆಯಲ್ಲಿ ತಾರೀಕಿದ್ದರೆ ಪುಸ್ತಕ ಆ ಹೊತ್ತಿಗಾಗಲೇ ಅಚ್ಚಾಗಿತ್ತು ಎಂಬುದಂತೂ ಖಚಿತ. ಕೈಪಿಡಿಯ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿಡಿ: ‘1972ರ ನಂತರ, ಆಧಾರ: ಪಿನ್‌ಕೋಡ್’. ಬರೀ ಇಸವಿ ಬರೆದರೆ ಮುಂದೆ ಆ ಪ್ರತಿ ಯಾರ ಕೈಗೆ ಹೋದರೂ ಅದನ್ನು ಪರಿಶೀಲಿಸಲು ಅವರಿಗೆ ದಾರಿಯೇ ಇರುವುದಿಲ್ಲ.