ಮರಳಿನ ಮೇಲೆ ಮಣ್ಣು ಹಾಸಬೇಡಿ, ಮರಳಿಗೆ ಮಣ್ಣು ಬೆರೆಸಿ

ಕಳೆದ ಮಾರ್ಚ್‌ನಲ್ಲಿ ಮರವಂತೆಯ ಸಮೀಪ ನೆಂಟರೊಬ್ಬರ ಹೊಸ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ಮುಂಬೈಯಲ್ಲಿ ದುಡಿದು ಊರಿಗೆ ಬಂದವರು. ಮನೆಯಿಂದ ಕಡಲಿಗೆ ಕೂಗಳತೆ ದೂರ, ಹಿತ್ತಿಲೆಲ್ಲ ಬಿಳಿ ಮರಳು. ಅದರ ಮೇಲೆ ಅರ್ಧ ಅಡಿ ದಪ್ಪಕ್ಕೆ ಕೆಂಪು ಮಣ್ಣು ಹರಡಿಸಿ, ದೂರದಿಂದ ತರಿಸಿದ ಹುಲ್ಲಿನ ಚಾಪೆ ಹಾಸಿದ್ದರು. ದೀಪಾವಳಿಗೆ ಕಣ್ಣಿಗೆ ಹಬ್ಬವಾಗಿದ್ದ ಹುಲ್ಲು ಶಿವರಾತ್ರಿ ಕಳೆಯುವಷ್ಟರಲ್ಲಿ ಒಣಗಿ ಬಣ್ಣಗೆಟ್ಟಿತ್ತು. ದಿನಕ್ಕೆ ಎರಡು ಹೊತ್ತು ನೀರು ಬಿಟ್ಟರೂ ಚೇತರಿಸಿಕೊಂಡಿರಲಿಲ್ಲ. ಒಂದು ಮೂಲೆಯಲ್ಲಿ ಹಾರೆ ಹಾಕಿ ಎಬ್ಬಿಸಿ ನೋಡಿದೆ. ಕೆಂಪು ಮಣ್ಣು ಹೆಂಚಿನಂತೆ ಬಿಗಿದಿತ್ತು. ಬೇರುಗಳೆಲ್ಲ ಅದರೊಳಗೇ ಹೆಣೆದುಕೊಂಡಿದ್ದವು. ಕೆಳಗಿನ ಮರಳಿಗೆ ಒಂದು ಎಳೆ ಬೇರೂ ಇಳಿದಿರಲಿಲ್ಲ. ಮರಳು ಬೆರಳ ಸಂದಿಯಿಂದ ಒಣ ಹಿಟ್ಟಿನಂತೆ ಉದುರಿತು.

ಇದೇ ತಪ್ಪನ್ನು ನಾನು ಕಾರವಾರದಿಂದ ಉಳ್ಳಾಲದವರೆಗೆ ನೋಡಿದ್ದೇನೆ. ನುಣುಪು ಮಣ್ಣಿನ ಪದರ ಒರಟು ಮರಳಿನ ಮೇಲೆ ಕುಳಿತರೆ, ಮೇಲಿನ ಪದರ ಪೂರ್ತಿ ತೊಯ್ದು ತುಂಬುವವರೆಗೆ ನೀರು ಕೆಳಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಬೇರು ಕೆಸರಿನಲ್ಲಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಅದೇ ಪದರ ಸುಟ್ಟ ಇಟ್ಟಿಗೆಯಾಗುತ್ತದೆ. ಹಣ ಖರ್ಚು ಮಾಡಿಯೂ ಹಿತ್ತಿಲು ಮೊದಲಿಗಿಂತ ಕೆಡುತ್ತದೆ.

ಬರೀ ಗೊಬ್ಬರ ಸುರಿದರೂ ಸಾಲದು. ಮರಳಿನ ಕಣ ನೀರನ್ನೂ ಹಿಡಿಯುವುದಿಲ್ಲ, ಸಾರವನ್ನೂ ಹಿಡಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಆ ನೀರು ಸಾರಜನಕವನ್ನೂ ಪೊಟ್ಯಾಷನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿದ ಗೊಬ್ಬರ ಸೆಕೆಗೆ ಬೇಗ ಕರಗಿಹೋಗುತ್ತದೆ. ಜೇಡಿ ಮಣ್ಣು ಜೊತೆಗಿದ್ದರೆ ಮಾತ್ರ ಗೊಬ್ಬರ ಅದಕ್ಕೆ ಅಂಟಿಕೊಂಡು ಬಾಳುತ್ತದೆ. ಮರಳಿಗೆ ಇವೆರಡೂ ಬೇಕು, ಮತ್ತು ಎರಡೂ ಮರಳಿನೊಳಗೆ ಬೆರೆಯಬೇಕು.

ಬೇಸಿಗೆಯಲ್ಲೇ ಜೇಡಿ ಮಣ್ಣು ಹುಡುಕಿ

ಸಿಹಿನೀರಿನ ಕೆರೆ ಅಥವಾ ಮದಗದ ಹೂಳು ಎತ್ತುವಾಗ ಸಿಗುವ ಮಣ್ಣು ಎಲ್ಲಕ್ಕಿಂತ ಒಳ್ಳೆಯದು. ಅಳಿವೆಯ ಕೆಸರು, ಉಪ್ಪುನೀರು ನುಗ್ಗುವ ಗದ್ದೆಯ ಮಣ್ಣು ಪುಕ್ಕಟೆ ಕೊಟ್ಟರೂ ಬೇಡ. ಅದರ ಉಪ್ಪು ಎಳೆಯ ಗಿಡದ ಎಲೆಯಂಚನ್ನು ಸುಡುತ್ತದೆ. ‘ಫಲವತ್ತಾದ ಕೆಂಪು ಮಣ್ಣು’ ಎಂದು ಲಾರಿಯಲ್ಲಿ ಬರುವುದು ಎಷ್ಟೋ ಸಲ ಗುಡ್ಡ ಕಡಿದ ಜಲ್ಲಿ ಮಿಶ್ರಿತ ಮಣ್ಣು. ಲೋಡು ಇಳಿಸುವ ಮೊದಲೇ ಪರೀಕ್ಷೆ ಮಾಡಿ. ಒಂದು ಹಿಡಿ ತೆಗೆದು ನೀರು ಚಿಮುಕಿಸಿ ನಾದಿ, ಅಂಗೈಯಲ್ಲಿ ಹೊಸೆದು ಕೋಡುಬಳೆಯಂತೆ ಬಾಗಿಸಿ. ಬಿರುಕು ಬಿಡದೆ ಬಳೆಯಾದರೆ ಅದು ಜೇಡಿ. ಹೊಸೆಯುವಾಗಲೇ ತುಂಡಾದರೆ ಲಾರಿಯನ್ನು ಹಿಂದಕ್ಕೆ ಕಳುಹಿಸಿ.

ಎಷ್ಟು ಬೇಕು? ಲಾರಿಗಟ್ಟಲೆ ಬೇಡವೇ ಬೇಡ. ನೂರು ಚದರ ಅಡಿಗೆ ಒಂದು ಇಂಚು ದಪ್ಪ, ಅಂದರೆ 15 ಲೀಟರಿನ ಬಕೆಟ್ಟಿನಲ್ಲಿ 16 ಬಕೆಟ್ಟು ಸಾಕು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಅಂಗಳದಲ್ಲಿ ಹರಡಿ ಗರಿಗರಿಯಾಗಿ ಒಣಗಿಸಿ. ಕೊರಡಿನಿಂದ ಬಡಿದು ಪುಡಿ ಮಾಡಿ ಜರಡಿ ಹಿಡಿಯಿರಿ. ಕಡಲೆ ಬೇಳೆಗಿಂತ ದೊಡ್ಡ ಹೆಂಟೆ ಉಳಿಯಬಾರದು. ಪುಡಿಯನ್ನು ಚೀಲಕ್ಕೆ ತುಂಬಿ ಟಾರ್ಪಾಲಿನ ಅಡಿಯಲ್ಲಿಡಿ. ಈ ಕೆಲಸ ಬೇಸರ ತರಿಸುತ್ತದೆ, ಆದರೆ ಇದನ್ನು ಬಿಟ್ಟವರ ಹಿತ್ತಿಲಿನಲ್ಲಿ ಎರಡು ವರ್ಷದ ಮೇಲೂ ಜೇಡಿಯ ಉಂಡೆಗಳು ಮರಳಿನ ನಡುವೆ ಹಾಗೆಯೇ ಕುಳಿತಿರುವುದನ್ನು ಕಂಡಿದ್ದೇನೆ.

ಮಳೆಗಾಲದಲ್ಲಿ ಹಸಿರೆಲೆ ಗೊಬ್ಬರ

ಮೇ ಕೊನೆಯಲ್ಲಿ ನೂರು ಚದರ ಅಡಿಗೆ ಐವತ್ತು ಗ್ರಾಂ ಡಯಾಂಚ (ಹಸಿರೆಲೆ ಗೊಬ್ಬರಕ್ಕೆಂದೇ ಬೆಳೆಸುವ ಗಿಡ) ಬೀಜ ಎರಚಿ. ಹೂ ಬಿಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕತ್ತರಿಸಿ ಮರಳಿಗೆ ಮಗುಚಿ. ಬೇಲಿಯಲ್ಲಿ ಗೊಬ್ಬರ ಗಿಡ (ಗ್ಲಿರಿಸಿಡಿಯಾ) ಇದ್ದರೆ ಅದರ ಸೊಪ್ಪನ್ನೂ ಸೇರಿಸಿ.

ಬೆರೆಸುವ ಕೆಲಸ: ಇಲ್ಲಿ ಅವಸರ ಬೇಡ

ಊರಲ್ಲಿ ಎಲ್ಲರೂ ಜೂನ್ ಮೊದಲ ಮಳೆಗೆ ನೆಡಲು ಹೊರಡುತ್ತಾರೆ. ಗಟ್ಟಿ ನೆಲಕ್ಕೆ ಅದು ಸರಿ. ಮರಳಿಗಾದರೆ ನನ್ನ ಮಾತು ಕೇಳಿ: ಆಟಿಯ ಜಡಿಮಳೆ ಮುಗಿದು ಸೋಣ ತಿಂಗಳು ಕಾಲಿಟ್ಟ ಮೇಲೆ, ಆಗಸ್ಟ್ ಮೂರನೆಯ ವಾರದ ನಂತರ ಬೆರೆಸಿ. ಜೂನ್‌ನಲ್ಲಿ ಬೆರೆಸಿದ ಪುಡಿ ಎರಡೇ ವಾರದಲ್ಲಿ ಚರಂಡಿ ಸೇರುತ್ತದೆ.

ಆ ದಿನ ಮರಳು ಒದ್ದೆಯಾಗಿರಬೇಕು, ನೀರು ಒಸರುತ್ತಿರಬಾರದು. ಜೇಡಿ ಪುಡಿ ಒಣಗಿರಬೇಕು. ಈ ಹೊಂದಾಣಿಕೆಯೇ ಮುಖ್ಯ. ಒದ್ದೆ ಕಣದ ಮೈಗೆ ಒಣ ಪುಡಿ ಲೇಪದಂತೆ ಹಿಡಿಯುತ್ತದೆ. ಹಸಿ ಜೇಡಿ ಹಾಕಿದರೆ ಉಂಡೆ ಕಟ್ಟುತ್ತದೆ. ಮೊದಲು ಅರ್ಧ ಇಂಚಿನಷ್ಟು ಪುಡಿಯನ್ನು ಸಮನಾಗಿ ಎರಚಿ, ರಂಗೋಲಿ ಪುಡಿ ಉದುರಿಸಿದ ಹಾಗೆ. ಎಂಟು ಇಂಚು ಆಳಕ್ಕೆ ಹಾರೆಯಿಂದ ಪೂರ್ವ ಪಶ್ಚಿಮವಾಗಿ ಕೊಚ್ಚಿ ಮಗುಚಿ. ಉಳಿದ ಅರ್ಧ ಇಂಚು ಎರಚಿ ಈ ಸಲ ಉತ್ತರ ದಕ್ಷಿಣವಾಗಿ ಕೊಚ್ಚಿ. ಪವರ್ ಟಿಲ್ಲರ್ ಇದ್ದರೆ ಬಳಸಬಹುದು, ಆದರೆ ಒಂದು ಸುತ್ತಿಗೆ ಮುಗಿಸಲು ಬಂದವರನ್ನು ಬಿಡಬೇಡಿ. ನಿಧಾನ ಗೇರಿನಲ್ಲಿ ಅಡ್ಡ ಉದ್ದ ಎರಡು ಸುತ್ತು ಹೊಡೆಸಿ.

ಆಮೇಲೆ ಗೊಬ್ಬರ. ನೂರು ಚದರ ಅಡಿಗೆ ಎರಡು ಇಂಚು, ಅಂದರೆ ಅದೇ ಬಕೆಟ್ಟಿನಲ್ಲಿ 31. ಅದರಲ್ಲಿ ಮುಕ್ಕಾಲು ಪಾಲು ಆರು ತಿಂಗಳಾದರೂ ಹಳೆಯದಾದ ಹಟ್ಟಿಗೊಬ್ಬರ ಇರಲಿ. ಹಸಿ ಸಗಣಿಯ ರಾಶಿಯಲ್ಲಿ ಗೊಣ್ಣೆ ಹುಳು ಇರುತ್ತದೆ, ಅದು ಹುಲ್ಲಿನ ಬೇರನ್ನೇ ತಿನ್ನುತ್ತದೆ. ಹಾಗಾಗಿ ಗೊಬ್ಬರವನ್ನೂ ಜರಡಿ ಹಿಡಿದು, ಬಿಳಿ ಹುಳು ಕಂಡರೆ ಹೆಕ್ಕಿ ತೆಗೆಯಿರಿ. ಉಳಿದ ಕಾಲು ಪಾಲು ತೆಂಗಿನ ನಾರಿನ ಪುಡಿ. ಇದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಆದರೆ ಹೊಸ, ಕಂದು ಬಣ್ಣದ ಪುಡಿ ಬೇಡ. ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಕಸಿದುಕೊಳ್ಳುತ್ತದೆ, ಹುಲ್ಲು ಹಳದಿಯಾಗುತ್ತದೆ. ಕೊಳೆತು ಕಪ್ಪಾದದ್ದನ್ನೇ ತನ್ನಿ. ಬಕೆಟ್ಟು ನೀರಿನಲ್ಲಿ ನೆನೆಸಿದಾಗ ನೀರು ಚಹಾದ ಬಣ್ಣಕ್ಕೆ ತಿರುಗಿದರೆ, ಆ ಬಣ್ಣ ಹೋಗುವವರೆಗೆ ತೊಳೆಯಿರಿ. ಉಪ್ಪುನೀರಿನಲ್ಲಿ ನೆನೆದ ಸಿಪ್ಪೆಯ ಪುಡಿಯಾದರೆ ತೊಳೆಯುವುದು ಇನ್ನೂ ಅಗತ್ಯ.

ನೀರು ಹಿಡಿಯುವ ಹರಳುಗಳೆಂದು ಅಂಗಡಿಯಲ್ಲಿ ಮಾರುವ ಜೆಲ್‌ಗೆ ದುಡ್ಡು ಹಾಕಬೇಡಿ. ನಾನು ಒಂದು ಮಡಿಯಲ್ಲಿ ಹಾಕಿ ನೋಡಿದ್ದೇನೆ. ಮಳೆಗೆ ಉಬ್ಬಿ ಮೇಲೆ ಬಂದು ಜೊಂಪೆಯಾಗಿ ತೇಲಿತು, ಮರುವರ್ಷ ಅದರ ಸುಳಿವೇ ಇರಲಿಲ್ಲ. ಅದೇ ದುಡ್ಡಿಗೆ ಹಟ್ಟಿಗೊಬ್ಬರ ಬರುತ್ತದೆ.

ಗೊಬ್ಬರವನ್ನೂ ಎರಡು ಸಲಕ್ಕೆ ಬೆರೆಸಿ. ಕೊನೆಗೆ ತಳದಲ್ಲಿ ಹಾರೆಯ ಮೊನೆಯನ್ನು ಇನ್ನೂ ನಾಲ್ಕು ಇಂಚು ಇಳಿಸಿ ಅಲ್ಲಲ್ಲಿ ಅಲುಗಿಸಿ. ಮಿಶ್ರಣ ಮುಗಿದು ಮರಳು ಶುರುವಾಗುವ ಜಾಗದಲ್ಲಿ ಗೆರೆ ಎಳೆದಂತೆ ಇರಬಾರದು. ಬಣ್ಣ ಮೆಲ್ಲಗೆ ತಿಳಿಯಾಗುತ್ತ ಹೋಗಬೇಕು. ಒಂದು ಸಣ್ಣ ಗುಂಡಿ ತೋಡಿ ಗೋಡೆಯನ್ನು ಕಣ್ಣಾರೆ ನೋಡಿ. ಗೆರೆ ಕಂಡರೆ ಮತ್ತೊಮ್ಮೆ ಕೊಚ್ಚಿ.

ಹದ ಬಂದಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ, ಕೈ ಬಿಚ್ಚಿ. ಮುಷ್ಟಿಯ ಆಕಾರ ಉಳಿಯಬೇಕು, ಹೆಬ್ಬೆರಳು ತಾಗಿಸಿದೊಡನೆ ಒಡೆಯಬೇಕು. ಕೈ ಬಿಚ್ಚುವಾಗಲೇ ಉದುರಿದರೆ ಜೇಡಿ ಕಡಿಮೆ, ಒತ್ತಿದರೂ ಒಡೆಯದಿದ್ದರೆ ಹೆಚ್ಚು.

ಹುಲ್ಲು

ಹತ್ತು ದಿನ ನೆಲ ಕೂರಲಿ. ಮಟ್ಟ ಮಾಡಿ, ಗರಿಕೆ ಅಥವಾ ಬಫೆಲೋ ಹುಲ್ಲಿನ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ನೆಡಿ. ಎರಡೂ ಕಡಲ ಗಾಳಿಯ ಉಪ್ಪನ್ನು ತಾಳುತ್ತವೆ. ಹುಲ್ಲಿನ ಚಾಪೆ ನನಗೆ ಸರಿಬರುವುದಿಲ್ಲ. ಅದರ ಅಡಿಯಲ್ಲಿ ಬೆಳೆಸಿದ ಜಾಗದ ಅಂಟು ಮಣ್ಣು ಒಂದು ಇಂಚು ಅಂಟಿಕೊಂಡೇ ಬರುತ್ತದೆ. ನೀವು ಕಷ್ಟಪಟ್ಟು ತೆಗೆದ ಗೆರೆಯನ್ನು ಅದು ಮತ್ತೆ ಎಳೆಯುತ್ತದೆ. ತಂದೇ ಬಿಟ್ಟಿದ್ದರೆ ಬೇರಿನ ಮಣ್ಣನ್ನು ತೊಳೆದು ಹಾಸಿ.

ಹಣ್ಣಿನ ಗಿಡ

ಕಡಲ ಹತ್ತಿರದ ಮರಳಿಗೆ ಚಿಕ್ಕು, ಪೇರಲೆ, ಗೇರು, ತೆಂಗು ಒಗ್ಗುತ್ತವೆ. ಮಾವು ಬೇಕೆಂದರೆ ಪಶ್ಚಿಮಕ್ಕೆ ಮನೆಯದೋ ಬೇಲಿಯದೋ ಮರೆ ಇರಲಿ. ಹಲಸನ್ನು ಉಪ್ಪು ಗಾಳಿಗೆ ಒಡ್ಡಬೇಡಿ.

ಗುಂಡಿಯ ವಿಷಯದಲ್ಲೂ ಅದೇ ತಪ್ಪು ನಡೆಯುತ್ತದೆ. ಮರಳಿನಲ್ಲಿ ಗುಂಡಿ ತೋಡಿ, ಒಳಗೆಲ್ಲ ಕೆಂಪು ಮಣ್ಣು ಮತ್ತು ಗೊಬ್ಬರವನ್ನೇ ತುಂಬುತ್ತಾರೆ. ಗಿಡ ಎರಡು ವರ್ಷ ಸೊಗಸಾಗಿ ಬೆಳೆದು ಮೂರನೆಯ ವರ್ಷ ನಿಂತುಬಿಡುತ್ತದೆ, ಏಕೆಂದರೆ ಬೇರಿಗೆ ಆ ಗುಂಡಿಯೇ ಕುಂಡವಾಗಿದೆ. ಗುಂಡಿ ಮೂರು ಅಡಿ ಆಳ, ನಾಲ್ಕೈದು ಅಡಿ ಅಗಲ ಇರಲಿ. ತೋಡಿದ ಮರಳಿಗೇ ಮೇಲೆ ಹೇಳಿದ ಪ್ರಮಾಣದಲ್ಲಿ, ಅಂದರೆ ಎಂಟು ಪಾಲು ಮರಳಿಗೆ ಒಂದು ಪಾಲು ಜೇಡಿ ಪುಡಿ, ಎರಡು ಪಾಲು ಗೊಬ್ಬರ ಬೆರೆಸಿ ತುಂಬಿ. ಅಂಚು ತಲುಪುವಾಗ ಬೆರಕೆ ಕಡಿಮೆಯಾಗುತ್ತ ಬರಲಿ.

ತಳಕ್ಕೆ ತೆಂಗಿನ ಸಿಪ್ಪೆ. ಎರಡು ದಿನ ಸಿಹಿನೀರಿನಲ್ಲಿ ನೆನೆಸಿ, ಒಳಭಾಗ ಮೇಲೆ ಬರುವಂತೆ ಬಟ್ಟಲಿನ ಹಾಗೆ ಎರಡು ಸಾಲು ಜೋಡಿಸಿ, ಸಾಲುಗಳ ನಡುವೆ ಮರಳು ತುಂಬಿ. ಕವುಚಿ ಹಾಕಿದರೆ ನೀರು ಜಾರಿಹೋಗುತ್ತದೆ. ಕೂಲಿಯವರು ಬುಟ್ಟಿಯಿಂದ ಸುರಿದುಬಿಡುತ್ತಾರೆ, ಹತ್ತಿರ ನಿಂತು ಮಾಡಿಸಿ. ಸಿಪ್ಪೆ ನೀರನ್ನೂ ಹಿಡಿಯುತ್ತದೆ, ಕರಗುತ್ತ ಪೊಟ್ಯಾಷನ್ನೂ ಕೊಡುತ್ತದೆ.

ಹುಲ್ಲನ್ನು ಗಿಡದ ಬುಡದವರೆಗೆ ಹಬ್ಬಿಸಬೇಡಿ. ಸುತ್ತ ಮೂರು ಅಡಿ ಬಿಟ್ಟು, ಅಲ್ಲಿ ನಾಲ್ಕು ಇಂಚು ತರಗೆಲೆ, ತೆಂಗಿನ ಗರಿ ಮುಚ್ಚಿ. ಕಾಂಡದಿಂದ ಒಂದು ಗೇಣು ದೂರವಿರಲಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.

ನೀರು ಮತ್ತು ಮುಂದಿನ ಆರೈಕೆ

ಬೇಸಿಗೆಯಲ್ಲಿ ನೀರು ಹಾಕಿದಾಗ ಅದು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳುವುದನ್ನು ನೋಡಿದ್ದೀರಾ? ಒಣಗಿದ ಮರಳಿನ ಕಣಕ್ಕೆ ಕೊಳೆತ ಎಲೆಯ ಮೇಣ ಹತ್ತಿಕೊಂಡಿರುತ್ತದೆ. ಆಗ ಪೈಪಿನಲ್ಲಿ ರಭಸವಾಗಿ ಬಿಟ್ಟು ಪ್ರಯೋಜನವಿಲ್ಲ. ಮೊದಲು ತುಸು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಬೆರಳಿನಿಂದ ಕೆದಕಿ ನೋಡಿ; ನಾಲ್ಕು ಇಂಚು ಕೆಳಗೂ ತಂಪು ಇರಬೇಕು. ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುವ ಕಡೆ ನಾಲಗೆಗೆ ಹಚ್ಚಿ ನೋಡಿಯೇ ಬಳಸಿ.

ರಸಗೊಬ್ಬರ ಹಾಕುವವರು ವರ್ಷದ ಪಾಲನ್ನು ಒಂದೇ ಸಲ ಹಾಕದೆ ನಾಲ್ಕೈದು ಕಂತಿನಲ್ಲಿ ಹಾಕಿ, ಮಳೆ ಜಡಿಯುವ ಎರಡು ತಿಂಗಳು ಕೈ ಬಿಡಿ. ಕಪ್ಪೆಚಿಪ್ಪಿನ ಚೂರು ಹೆಚ್ಚಿರುವ ಜಾಗಕ್ಕೆ ಸುಣ್ಣವೂ ಬೂದಿಯೂ ಬೇಡ. ಪ್ರತಿ ಸೋಣಕ್ಕೆ ಹುಲ್ಲಿನ ಮೇಲೆ ಕಾಲು ಇಂಚು ಜರಡಿ ಹಿಡಿದ ಗೊಬ್ಬರ ಉದುರಿಸಿ ಪೊರಕೆಯಿಂದ ಬುಡಕ್ಕೆ ಇಳಿಸಿ. ಗುಂಡಿಯ ಸಿಪ್ಪೆ ಆರೇಳು ವರ್ಷದಲ್ಲಿ ಕರಗಿರುತ್ತದೆ. ಆಗ ಮರದಿಂದ ಆರು ಅಡಿ ದೂರದಲ್ಲಿ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಂದಕ ತೋಡಿ, ಹೊಸ ಸಿಪ್ಪೆಯನ್ನು ಒಳಭಾಗ ಮೇಲಾಗಿ ಜೋಡಿಸಿ ಮುಚ್ಚಿ. ಮೊದಲ ವರ್ಷ ಅರ್ಧ ಸುತ್ತು ತೋಡಿ, ಉಳಿದರ್ಧ ಮರುವರ್ಷಕ್ಕಿರಲಿ. ಒಮ್ಮೆಗೇ ಎಲ್ಲ ಬೇರು ಕಡಿದರೆ ಮರ ಆ ವರ್ಷ ಫಲ ಕೊಡುವುದಿಲ್ಲ.