ಸ್ಕೆಲಿಟನ್ ಕೋಸ್ಟ್‌ನಲ್ಲಿ ತಂಗುವವರು ತಿಳಿದಿರಬೇಕಾದದ್ದು

ನಮೀಬಿಯಾದ ಸ್ಕೆಲಿಟನ್ ಕೋಸ್ಟ್ ರಾಷ್ಟ್ರೀಯ ಉದ್ಯಾನವು ದಕ್ಷಿಣದ ಉಗಾಬ್ ನದಿಯಿಂದ ಅಂಗೋಲಾ ಗಡಿಯ ಕುನೇನೆ ನದಿಯವರೆಗೆ ಸುಮಾರು 500 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿದೆ. ಅಲ್ಲಿ ತಂಗಬಯಸುವವರು ಕಾರಿನಲ್ಲಿ ಹೋಗಬೇಕೋ ಪುಟ್ಟ ವಿಮಾನದಲ್ಲಿ ಹೋಗಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಸ್ವಂತ ವಾಹನದವರು ಟೆರೇಸ್ ಬೇಯ ಸರ್ಕಾರಿ ವಸತಿಗೃಹದ ಆಸುಪಾಸಿನವರೆಗೆ ಮಾತ್ರ ಹೋಗಬಹುದು. ಅದರಾಚೆಯ ಉತ್ತರ ಭಾಗಕ್ಕೆ ಪರವಾನಗಿ ಪಡೆದ ಲಾಡ್ಜ್‌ನವರೇ ಅತಿಥಿಗಳನ್ನು ಪುಟ್ಟ ವಿಮಾನದಲ್ಲಿ ಕರೆದೊಯ್ಯುತ್ತಾರೆ. ಆ ವಿಮಾನಗಳಲ್ಲಿ ಸಾಮಾನ್ಯವಾಗಿ ತಲಾ 20 ಕಿಲೋ ಸಾಮಾನಿಗೆ ಮಾತ್ರ ಅವಕಾಶವಿರುವುದರಿಂದ ಗಟ್ಟಿ ಸೂಟ್‌ಕೇಸಿನ ಬದಲು ಬಟ್ಟೆಯ ಬ್ಯಾಗು ಒಯ್ಯಬೇಕು.

ಮೊದಲ ಸಲ ಹೋಗುವವರಿಗೆ ಟೆರೇಸ್ ಬೇಯೇ ಸಾಕೆಂದು ನನ್ನ ಅಭಿಪ್ರಾಯ. ದಕ್ಷಿಣದ ಕರಾವಳಿ ಪಟ್ಟಣ ಸ್ವಾಕೊಪ್ಮುಂಡ್‌ನಿಂದ ಅದು ಸುಮಾರು 350 ಕಿ.ಮೀ. ದೂರದಲ್ಲಿದೆ. ನಮ್ಮಲ್ಲಿಯಂತೆ ಅಲ್ಲಿಯೂ ಎಡಬದಿಯಲ್ಲೇ ವಾಹನ ನಡೆಸುತ್ತಾರೆ. ದಾರಿಯಲ್ಲಿ ಸಿಗುವ ಹೆಂಟಿಸ್ ಬೇ ಊರಿನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ, ಹೆಚ್ಚುವರಿ ಚಕ್ರ ಮತ್ತು ಸಾಕಷ್ಟು ಕುಡಿಯುವ ನೀರು ಇಟ್ಟುಕೊಂಡು, ಕೊಠಡಿ ಕಾಯ್ದಿರಿಸಿದ ಪತ್ರವನ್ನು ಗೇಟಿನಲ್ಲಿ ತೋರಿಸಲು ಕೈಗೆ ಸಿಗುವಂತಿರಿಸಬೇಕು. ತಣ್ಣನೆಯ ಬೆಂಗುಯೆಲಾ ಎಂಬ ಸಾಗರ ಪ್ರವಾಹದ ಮೇಲೆ ಹುಟ್ಟುವ ಮಂಜು ಬೆಳಗ್ಗೆ ದಟ್ಟವಾಗಿ ಕವಿದು, ಉಪ್ಪಿನಿಂದ ಗಟ್ಟಿ ಮಾಡಿದ ರಸ್ತೆಯನ್ನು ಜಾರುವಂತೆ ಮಾಡುವುದರಿಂದ, ನಿಧಾನವಾಗಿ ಸಾಗಿ ಹಗಲಿರುವಾಗಲೇ ತಲುಪುವುದು ಕ್ಷೇಮ.

ಮರುಭೂಮಿಯೆಂದು ತೆಳು ಬಟ್ಟೆಯನ್ನಷ್ಟೇ ಒಯ್ದವರು ಚಳಿಯಲ್ಲಿ ನಡುಗುತ್ತಾರೆ. ಸ್ವೆಟರ್ ಮತ್ತು ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನ ಪ್ಲಗ್ಗು ಅಲ್ಲಿಯ ಸಾಕೆಟ್ಟಿಗೆ ಹೊಂದುತ್ತದೆ. ಸಸ್ಯಾಹಾರಿಗಳು ಕೊಠಡಿ ಕಾಯ್ದಿರಿಸುವಾಗಲೇ ತಿಳಿಸಬೇಕು, ಏಕೆಂದರೆ ಅಡುಗೆಮನೆಗೆ ತರಕಾರಿ ಬಹುದೂರದಿಂದ ಬರಬೇಕು.

ಸಮುದ್ರಕ್ಕೆ ಇಳಿಯಬಾರದು, ನೀರು ಕೊರೆಯುತ್ತದೆ, ಸೆಳೆತವೂ ಬಲವಾಗಿದೆ. ಕತ್ತಲಾದ ಮೇಲೆ ಕಡಲತಡಿಯಲ್ಲಿ ನಡೆಯಬಾರದು. ಸೀಲ್‌ಗಳನ್ನು ಅರಸಿ ಕಂದು ಕತ್ತೆಕಿರುಬಗಳೂ ಕೆಲವೊಮ್ಮೆ ಸಿಂಹಗಳೂ ಅಲ್ಲಿಗೆ ಬರುತ್ತವೆ. ಹೊರಗೆ ಹೊರಟಾಗ ಯಾವ ದಾರಿ, ಎಷ್ಟು ಹೊತ್ತು ಎಂಬುದನ್ನು ಸಿಬ್ಬಂದಿಗೆ ಹೇಳಿಯೇ ಹೋಗಬೇಕು. 1942ರಲ್ಲಿ ಈ ದಡಕ್ಕೆ ಬಡಿದ ಡುನೆಡಿನ್ ಸ್ಟಾರ್ ಹಡಗಿನವರನ್ನು ಕಾಪಾಡಲು ಬಂದ ಒಂದು ವಿಮಾನ ಮರಳಿನಲ್ಲಿ ಹೂತುಹೋಯಿತು, ಎಳೆಹಡಗೊಂದು ತಾನೂ ಒಡೆದು ಅದರ ಇಬ್ಬರು ನಾವಿಕರು ಸತ್ತರು. ಇಲ್ಲಿ ನೆರವು ತಲುಪುವುದು ಅಷ್ಟು ಕಷ್ಟ.

ಗುರುತಿಸಿದ ದಾರಿ ಬಿಟ್ಟು ಚಕ್ರವನ್ನಾಗಲಿ ಕಾಲನ್ನಾಗಲಿ ಇಡಬಾರದೆಂಬ ನಿಯಮವನ್ನು ಎಲ್ಲಕ್ಕಿಂತ ಮಿಗಿಲಾಗಿ ಪಾಲಿಸಬೇಕು. ಬಯಲಿನ ಹರಳುಗಳನ್ನು ಬಗ್ಗಿ ನೋಡಿದರೆ, ನಮ್ಮ ಮಸಾಲೆಯ ಕಲ್ಲುಹೂವಿನ ಬಳಗದ ಬೂದು, ಕಿತ್ತಳೆ ಬಣ್ಣದ ಜೀವಿಗಳು ಕಾಣುತ್ತವೆ. ಬಿಸಿಲಿಗೆ ಸುರುಳಿ ಸುತ್ತಿಕೊಂಡು ಸತ್ತಂತೆ ಕಾಣುವ ಕೆಲವು ಬಗೆಯವು ಮಂಜಿನ ಹನಿ ತಾಗಿದೊಡನೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತವೆ. ಒಣಗಿದ್ದಾಗ ತುಳಿದರೆ ಹಪ್ಪಳದಂತೆ ಪುಡಿಯಾಗುತ್ತವೆ. ಅವುಗಳ ಮೇಲೆ ಹರಿದ ಟೈರಿನ ಗುರುತು ದಶಕಗಳಾದರೂ ಮಾಸುವುದಿಲ್ಲ. ಅವುಗಳನ್ನು ನೋಡಬೇಕೆನ್ನುವವರು ಬೆಳಗ್ಗೆ ಮಂಜು ಇರುವಾಗಲೇ ಎದ್ದು, ದಾರಿಯ ಅಂಚಿನಲ್ಲೇ ಕುಳಿತು ನೋಡಬಹುದು.